ಮೂರನೇ ಸಾಲಿನ ಕಣ್ಣೀರು

ಸೋಮವಾರ, ಮಾರ್ಚ್ 3

ಇಂದು ಏಳು ಟೇಪು. ಎರಡಕ್ಕೆ ಬೂಷ್ಟು, ಒಂದನ್ನು ಯಂತ್ರವೇ ತಿಂದಿತು. ಟೀವಿ ಕೇಂದ್ರದ ನೆಲಮಾಳಿಗೆಯಲ್ಲಿ ಕೂತು ಹಳೆಯ ಕಾರ್ಯಕ್ರಮಗಳನ್ನು ಕಂಪ್ಯೂಟರಿಗೆ ಇಳಿಸುವುದು. ಮೂವತ್ತು ವರ್ಷ ಎಡಿಟಿಂಗ್ ಮಾಡಿ ರಿಟೈರಾದವನನ್ನು ಮತ್ತೆ ಕರೆದು ಕೊಟ್ಟ ಬಡ್ತಿ — ಎರಡು ಮಹಡಿ ಕೆಳಕ್ಕೆ.

ಕೊನೆಯದು ಶನಿವಾರದ ಪಾಪ್ ಹಾಡಿನ ಕಾರ್ಯಕ್ರಮ. ಆಹಾ, ಆ ಕಾಲ! ಹಿಂದೆ ರಟ್ಟಿನ ನಕ್ಷತ್ರಗಳು. ತುಟಿಗೂ ಹಾಡಿಗೂ ಅರ್ಧ ಸೆಕೆಂಡಿನ ಜಗಳ. ಗಾಯಕನಿಗೆ ಹೊಕ್ಕುಳವರೆಗೆ ಗುಂಡಿ ಬಿಚ್ಚಿದ ಬೆಳ್ಳಿ ಅಂಗಿ, ರಸ್ತೆ ಗುಡಿಸುವ ಬೆಲ್‌ಬಾಟಮ್. ನಮ್ಮ ಹಾಸ್ಟೆಲಿನಲ್ಲಿ ಇದ್ದದ್ದು ಒಂದೇ ಟೀವಿ. ಇವನು ಬಂದರೆ ಮೆಸ್ ಖಾಲಿ. ಇಂದು ನೆಲಮಾಳಿಗೆಯಲ್ಲಿ ಒಬ್ಬನೇ ಕೂತು ನಗುತ್ತಿದ್ದೆ. ಆಗ ಪ್ರೇಕ್ಷಕರನ್ನು ತೋರಿಸಿದರು. ಮೂರನೇ ಸಾಲು. ಎರಡು ಜಡೆ, ಹಲ್ಲಿನಲ್ಲಿ ಕಚ್ಚಿದ ಕರ್ಚೀಫು, ಕೆನ್ನೆ ಮೇಲೆ ಧಾರೆ ಧಾರೆ...

ನನ್ನ ಹೆಂಡತಿ.

ಹತ್ತೊಂಬತ್ತು ವರ್ಷದವಳು. ನಿಲ್ಲಿಸಿದೆ. ಹಿಂದಕ್ಕೆ ಓಡಿಸಿದೆ. ಮತ್ತೆ ಅತ್ತಳು.

ಮಂಗಳವಾರ, 4

ಬದನೆಕಾಯಿ ಹೆಚ್ಚುತ್ತಿದ್ದಳು. ಗಾಳಿಗೆ ಹೇಳಿದ ಹಾಗೆ ಕೇಳಿದೆ, "ನೀನು ಯಾವತ್ತಾದ್ರೂ ಟೀವಿಯಲ್ಲಿ ಬಂದಿದ್ಯೇನೇ?"

"ಬಂದಿದ್ರೆ ನಿಮ್ಮನ್ಯಾಕೆ ಕಟ್ಕೋತಿದ್ದೆ?"

ನನ್ನ ಅಪ್ಪ ಹೋದಾಗ ಅತ್ತಿದ್ದಾಳೆ. ಮಗಳ ಮದುವೆಯಲ್ಲಿ ಅತ್ತಿದ್ದಾಳೆ. ಈರುಳ್ಳಿಗಂತೂ ಆಗಾಗ. ನನಗಾಗಿ? ಒಂದು ಹನಿ ಇಲ್ಲ. ಅಪೆಂಡಿಕ್ಸ್ ಆಪರೇಷನ್ನಿಗೆ ನನ್ನನ್ನು ಒಳಗೆ ತಳ್ಳಿಕೊಂಡು ಹೋಗುವಾಗಲೂ "ವಾಚು ಬಿಚ್ಚಿಕೊಡಿ" ಅಂದಳು, ಅಷ್ಟೇ.

ಗುರುವಾರ, 6

ಬಚ್ಚಲಲ್ಲಿ ಅವನ ಹಾಡು ಗುನುಗಿದೆ. ಪರೀಕ್ಷೆಗೆ. ಹೊರಗಿನಿಂದ: "ರೀ, ಹಲ್ಲು ನೋವಾ?"

ಅವನದು ಹಾಡು, ನನ್ನದು ಪಾಡು. ಹೊಟ್ಟೆಕಿಚ್ಚಿನ ಮೇಲೆ ಅಡುಗೆ ಮಾಡುವಂತಿದ್ದರೆ ಈ ವಾರ ಗ್ಯಾಸ್ ಪೂರ್ತಿ ಉಳಿತಾಯ.

ಸೋಮವಾರ, 10

ಗ್ರಹಚಾರ. ಬೆಳ್ಳಿ ಅಂಗಿಯನ್ನು ಮತ್ತೆ ಕರೆಸುತ್ತಿದ್ದಾರಂತೆ. ಅದೇ ಸ್ಟುಡಿಯೋ, ಅಂದಿನ ಪ್ರೇಕ್ಷಕರಲ್ಲಿ ಸಿಕ್ಕವರೆಲ್ಲ. ನಿರ್ಮಾಪಕಿ — ನನ್ನ ಮಗಳಿಗಿಂತ ಚಿಕ್ಕವಳು — ಕೆಳಗಿಳಿದು ಬಂದಳು.

"ಸರ್, ಪ್ರೋಮೋಗೆ ಒಳ್ಳೇ ರಿಯಾಕ್ಷನ್ ಶಾಟ್ ಬೇಕಿತ್ತು. ಯಾರಾದ್ರೂ ಹುಡುಗಿ ಅಳ್ತಿರೋದು ಇದ್ಯಾ?"

"ಇಲ್ಲಮ್ಮಾ. ಎಲ್ಲಾ ಬೂಷ್ಟು."

ಟೇಪು ನನ್ನ ಡ್ರಾಯರಿನಲ್ಲಿದೆ. ಬೂಷ್ಟು ಎಲ್ಲಿದೆ ಎಂಬುದು ಬೇರೆ ಮಾತು. ನನ್ನ ಹೆಂಡತಿ ಮತ್ತೊಮ್ಮೆ ಹೋಗಿ ಅವನೆದುರು ಕೂರಬೇಕೆ? ನಾನು ಬದುಕಿರುವಾಗ?

ಗುರುವಾರ, 13

ಟೇಪು ಬಚ್ಚಿಟ್ಟ ಜಾಣನಿಗೆ, ಅದನ್ನು ಆಗಲೇ ಕಂಪ್ಯೂಟರಿಗೆ ಇಳಿಸಿದ್ದು ಮರೆತುಹೋಗಿತ್ತು. ನಿರ್ಮಾಪಕಿಗೆ ಸಿಕ್ಕಿತು. ಸಂಜೆ ಸುದ್ದಿಗೆ ಮುಂಚೆ ನಮ್ಮ ಹಾಲಿನಲ್ಲೇ, ಪರದೆ ತುಂಬ, ನನ್ನ ಹೆಂಡತಿಯ ಕಣ್ಣೀರು. ಕೆಳಗೆ ದಪ್ಪಕ್ಷರ: ಈ ಹುಡುಗಿ ಎಲ್ಲಿದ್ದಾಳೆ?

ಸೋಫಾದ ಮೇಲಿದ್ದಳು. ಒಗೆದ ಬಟ್ಟೆ ಮಡಿಸುತ್ತಾ.

"ಅಯ್ಯೋ, ನಾನು ರೀ! ಇದನ್ನ ಟೀವಿಯಲ್ಲಿ ಹಾಕಿದ್ರಾ? ನಮ್ಮನೇಲಿ ಆಗ ಟೀವಿನೇ ಇರ್ಲಿಲ್ಲ... ಫೋನ್ ಮಾಡ್ಲಾ?"

"ನಿನ್ನಿಷ್ಟ."

ಮಾಡಿಯೂ ಬಿಟ್ಟಳು.

ಭಾನುವಾರ, 16

ಮೂರು ದಿನ ಮಾತು ಬಿಟ್ಟಿದ್ದೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಕೊನೆಗೆ ನಾನೇ ಸೋತು ಕೇಳಿದೆ.

"ಅವನಿಗೋಸ್ಕರ ಅಷ್ಟು ಅತ್ಯಾ?"

"ಯಾವನಿಗೋಸ್ಕರ?"

"ಬೆಳ್ಳಿ ಅಂಗಿ."

ನಕ್ಕಳು. "ಅವನು ಬಂದೇ ಇರ್ಲಿಲ್ಲ ರೀ! ಬೆಳಿಗ್ಗೇನೇ ನಮ್ಮನ್ನ ಕೂರಿಸಿ, ಖಾಲಿ ಸ್ಟೇಜ್ ನೋಡ್ಕೊಂಡು ಚಪ್ಪಾಳೆ ಹೊಡೀರಿ, ಕಿರುಚಿ, ಅಳೋರು ಅಳಿ ಅಂದ್ರು. ಆಮೇಲೆ ಜೋಡಿಸ್ಕೊಂಡ್ರು. ನಿಮಗ್ ಗೊತ್ತಿಲ್ವಾ?"

ಗೊತ್ತಿಲ್ಲವೆ! ಒಬ್ಬರ ಚಪ್ಪಾಳೆಯನ್ನು ಇನ್ನೊಬ್ಬರ ಹಾಡಿಗೆ ಹೊಲಿದೇ ಅನ್ನ ತಿಂದವನು ನಾನು. ಮಂತ್ರಿಯ ಭಾಷಣಕ್ಕೆ ಕುಸ್ತಿ ನೋಡುವ ಜನರನ್ನು ಕೂರಿಸಿದವನು. ಸ್ವಂತ ಹೆಂಡತಿ ಅತ್ತ ಕೂಡಲೇ ಎಳೇ ಮಗುವಿನಂತೆ ನಂಬಿಬಿಟ್ಟೆ.

ಹಾಲು ಕುಡಿದಷ್ಟು ಸಂತೋಷ. ಅಲ್ಲಿಗೆ ಬಿಡಬೇಕಿತ್ತು.

"ಮತ್ಯಾಕೆ ಅತ್ತೆ?"

ಒಂದು ಟವೆಲ್ ಮಡಿಸಿದಳು. ಇನ್ನೊಂದು ಮಡಿಸಿದಳು.

"ಹಿಂದಿನ ದಿನ ನೀವು ನಮ್ಮನೆಗೆ ಬಂದು ಹೋಗಿದ್ರಿ. ಮೊದಲನೇ ಸಲ. ಕೂತಷ್ಟು ಹೊತ್ತೂ ಮಾತಿಗೆ ಮಾತು ಪೋಣಿಸಿ ನಗಿಸಿದ್ರಿ. ಅಪ್ಪ ಬಿದ್ದು ಬಿದ್ದು ನಕ್ಕು ಒಪ್ಪಿಬಿಟ್ರು. ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಅಪ್ಪಾನೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ಬಿ.ಎಸ್ಸಿ. ಇನ್ನೂ ಎರಡನೇ ವರ್ಷ... ಅಳಿ ಅಂದ್ರಲ್ಲ, ಅತ್ತೆ."

"ಆಮೇಲೆ?"

"ಆಮೇಲೆ ಅಳೋಕೆ ಪುರುಸೊತ್ತೆಲ್ಲಿತ್ತು?"

ಬೇಡಿದ್ದು ಸಿಕ್ಕಿತು. ಆ ಕಣ್ಣೀರು ಪೂರ್ತಿ ನನ್ನದೇ.

ಶುಕ್ರವಾರ, 21

ರೆಕಾರ್ಡಿಂಗ್. ಬೆಳ್ಳಿ ಅಂಗಿಗೆ ಮಂಡಿ ಹೊಸದು, ಅಂಗಿ ಹಳೆಯದು. ಬರುವುದು ತಡ. ನಿರ್ಮಾಪಕಿ ಹಿಡಿದುಕೊಂಡಳು. "ಆ ಹುಡುಗಿ ನಿಮ್ಮನೆಯವರೇ ಅಂತ ಹೇಳ್ಲೇ ಇಲ್ವಲ್ಲ ಸರ್! ಗಾಯಕರು ಬರೋ ಮುಂಚೆ ರಿಯಾಕ್ಷನ್ ತೆಗೆದುಬಿಡ್ತೀವಿ. ನೀವು ಹೋಗಿ ನಾಲ್ಕು ಜೋಕ್ ಹೊಡೀರಿ, ಜನ ನಗ್ಲಿ."

ಬೆಳಕಿನಲ್ಲಿ ನಿಂತೆ. ಮೂರನೇ ಸಾಲಿನಲ್ಲಿ ಅವಳು. ನಾಲಿಗೆ ತುದಿಗೆ ಹತ್ತು ಜೋಕು ಬಂದವು. ಒಂದೂ ಹೊರಬೀಳಲಿಲ್ಲ. ಬಂದದ್ದು ಇದು:

"ಮೂರನೇ ಸಾಲಿನವರೇ... ಬಿ.ಎಸ್ಸಿ. ಆದ್ಮೇಲೆ ಏನ್ ಮಾಡ್ಬೇಕು ಅಂತಿತ್ತು?"

ಎದ್ದು ನಿಂತಳು. ಯಾರೋ ಮೈಕು ಕೊಟ್ಟರು.

"ಹವಾಮಾನ ಇಲಾಖೆ. ದೊಡ್ಡ ಬಲೂನು ಹಾರಿಸಿ ಮೇಲಿನ ಗಾಳಿ ಅಳೀತಾರಲ್ಲ, ಆ ಕೆಲಸ."

ಶುರುವಾದವಳು ನಿಲ್ಲಲಿಲ್ಲ. ಕೈ ಎತ್ತಿ ಗಾಳಿ ತೋರಿಸಿದಳು, ದಾರ ತೋರಿಸಿದಳು. ಆ ಮುಖ ನಾನು ಇಷ್ಟು ವರ್ಷ ನೋಡೇ ಇರಲಿಲ್ಲ. ಕ್ಯಾಮೆರಾ ಎಲ್ಲವನ್ನೂ ಹಿಡಿಯಿತು.

ಬೆಳ್ಳಿ ಅಂಗಿಯ ಮೇಲಿನ ಸಿಟ್ಟು ಇಳಿದಿದೆ. ಈಗ ಉರಿ ಬಲೂನಿನ ಮೇಲೆ.

ಶನಿವಾರ, 22. ಸಂಜೆ

ಒಂದು ದಿನದ ಮಟ್ಟಿಗೆ ಮೇಲಿನ ಎಡಿಟಿಂಗ್ ರೂಮು. ಆ ಮುಖವನ್ನು ಬೆಳ್ಳಿ ಅಂಗಿಯ ಹಾಡಿಗೆ ಅಂಟಿಸಿ ಎಂದು ಹೇಳಿಕಳಿಸಿದ್ದರು. ಅಂಟಿಸಲಿಲ್ಲ. ಅವನಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಯಾರೋ ದಂತವೈದ್ಯರ ಆಕಳಿಕೆ ಸಾಕು. ನಿರ್ಮಾಪಕಿ ಬೈಯಲಿ.

ಮನೆಗೆ ಬಂದವನೇ ಕೇಳಿದೆ, "ಆ ಬಲೂನು ಎಷ್ಟು ಮೇಲೆ ಹೋಗುತ್ತೆ?"

"ಜೋಕಾ?"

"ಅಲ್ಲ ಕಣೇ."

ಅನುಮಾನದಿಂದಲೇ ಒಲೆ ಆರಿಸಿದಳು. "ಮೂವತ್ತು ಕಿಲೋಮೀಟರ್ ಹತ್ರ. ಮೇಲೆ ಹೋದಷ್ಟೂ ಹಿಗ್ಗುತ್ತೆ, ಒಂದು ಮನೆಯಷ್ಟಾಗುತ್ತೆ. ಆಮೇಲೆ ಒಡೆಯುತ್ತೆ."

"ಒಡೆದ್ಮೇಲೆ?"

"ಇರಿ, ಬಿಡಿಸಿ ತೋರಿಸ್ತೀನಿ. ಪೆನ್ನು ತಗೊಂಬನ್ನಿ."

ಮನೆಯಲ್ಲಿ ಪೆನ್ನು ಇರುವುದು ನಾನು ಬರೆಯುತ್ತಿರುವ ಇದೊಂದೇ. ಕೂಗುತ್ತಿದ್ದಾಳೆ. ಬಂದೆ ಕಣೇ, ಒಂದು ಸಾಲು ಬರೆದು—