ಚಕ್ರದ ನಾಲ್ಕು ಬಳೆಗಳು

ಅಪ್ಪಾ,

ನಿನ್ನ ಹಳೇ ಕಾರಿನ ನಡುಕ ಇವತ್ತು ನಿಂತಿತು. ನೀನು ಹೋದ ಮೇಲೆ ಟಯರ್ ಬದಲಿಸಿದಾಗಿನಿಂದ, ಸ್ವಲ್ಪ ಜೋರಾಗಿ ಓಡಿಸಿದರೆ ಸಾಕು, ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಕೊನೆಗೆ ನಿನ್ನ ಮೆಕ್ಯಾನಿಕ್ ಗೆಳೆಯನ ಹತ್ತಿರವೇ ಒಯ್ದೆ. ಚಕ್ರ ಬಿಚ್ಚಿದ್ದೇ ತಡ, ಬೈದರು.

"ಈ ಚಕ್ರ ಬೇರೆ ಕಾರಿಂದು ಕಣಮ್ಮಾ, ನಡುವಿನ ತೂತು ದೊಡ್ಡದು. ಅದಕ್ಕೇ ನಿಮ್ಮಪ್ಪ ಸಂದು ತುಂಬಿ ಚಕ್ರ ಅಲ್ಲಾಡದ ಹಾಗೆ ಅಲ್ಯೂಮಿನಿಯಂ ಬಳೆ ಮಾಡ್ಸಿ ಕೂರಿಸಿದ್ದ. ಎಲ್ಲಿ ಅವು?"

ಅಡುಗೆಮನೆಯಲ್ಲಿದ್ದವು. ಟಯರ್ ಅಂಗಡಿಯವನು ಕಳಚಿ ಕೈಗೆ ಕೊಟ್ಟಿದ್ದ; ಏನೆಂದು ತಿಳಿಯದೆ, ಬಿಸಿ ಲೋಟದ ಕೆಳಗೆ ಇಡುತ್ತಿದ್ದೆ.

ತಂದು ಮಸಿ ಒರೆಸಿದರೆ, ಒಂದೊಂದರ ಮೇಲೂ ನೀನು ಮೊಳೆಯಲ್ಲಿ ಗೀಚಿದ ಅಕ್ಷರ: ನಾನು, ಅವಳು, ಮಗಳು, ಮಗ. ಯಾವ ಬಳೆ ಯಾವ ಚಕ್ರಕ್ಕೆ ಎಂಬ ಗುರುತಿಗೆ ಕಾರಿನಲ್ಲಿ ನಾವು ಕೂರುತ್ತಿದ್ದ ಜಾಗ! ಮುಂದೆ ನೀನು, ಅಮ್ಮ; ಹಿಂದೆ ಮಕ್ಕಳು. ನಾನು ಯಾವಾಗಲೂ ನಿನ್ನ ಬೆನ್ನ ಹಿಂದೆ, ಸೀಟಿಗೆ ಮೊಣಕಾಲು ಒತ್ತಿಕೊಂಡು. "ಒದೀಬೇಡ್ವೇ, ಬೆನ್ನು ನೋಯುತ್ತೆ" ಎಂದು ನಗುತ್ತಿದ್ದೆ ನೀನು. ದೊಡ್ಡವಳಾದ ಮೇಲೆ, "ಈ ಡಬ್ಬಾನ ಗುಜರಿಗೆ ಹಾಕಪ್ಪಾ" ಎಂದದ್ದೂ ಅಲ್ಲಿ ಕೂತೇ. ಆವತ್ತು ನೀನು ನಗಲಿಲ್ಲ.

"ಈಗ ಓಡ್ಸೋಳು ನೀನೇ ಅಲ್ವಾ, 'ಮಗಳು' ಮುಂದಕ್ಕೆ ಹಾಕ್ಲಾ?" ಎಂದು ಕೇಳಿದರು ನಿನ್ನ ಗೆಳೆಯ.

ಬೇಡ ಎಂದೆ. ನಿನ್ನ ಹಿಂದೆಯೇ ಇದ್ದೇನೆ.