ಹಗ್ಗಕ್ಕೂ ಕಿಟಕಿ ಸೀಟು

ಸೆಪ್ಟೆಂಬರ್ 4, ಬೆಳಿಗ್ಗೆ

ಪ್ರಾರ್ಥನೆ ಮುಗಿಸಿ ನೀರು ಕಾಯಿಸಿದೆ. ಅರ್ಧ ಬಕೆಟ್ ತಮ್ಮನಿಗೆ, ಅರ್ಧ ನನಗೆ. ಗ್ಯಾಸ್ ಉಳಿಸಬೇಕಲ್ಲ. ಸ್ಕೂಲ್ ವ್ಯಾನಿಗೆ ಇವತ್ತೂ ಡೀಸೆಲ್ ಇಲ್ಲ. ಎಣ್ಣೆ ಹಡಗುಗಳು ಬರುವುದು ನಿಂತು ದೇಶಕ್ಕೆ ದೇಶವೇ ಕೈಕಟ್ಟಿ ಕೂತಿದೆ. ವ್ಯಾನ್ ಓಡಿಸುವವನು ತಮ್ಮ, ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ನಾನು. ನಾನು ಹೇಗೋ ಇದ್ದೇನೆ. ಅವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಾನೆ. ಶೇವ್ ಇಲ್ಲ, ಊಟ ಅಷ್ಟಕ್ಕಷ್ಟೆ.

"ಏಳೋ" ಅಂದರೆ, "ಎದ್ದು ಏನು ಮಾಡ್ಲಿ ಅಕ್ಕ? ಸ್ಟೀರಿಂಗ್ ಹಿಡ್ಕೊಂಡು ಕನಸು ಕಾಣ್ಲಾ?"

ದೇವರೇ, ಡೀಸೆಲ್ ನೀನು ಕೊಟ್ಟಾಗ ಕೊಡು. ಮೊದಲು ಇವನನ್ನು ಎಬ್ಬಿಸು.

ಸೆಪ್ಟೆಂಬರ್ 7

ಹೆಡ್‌ಮೇಡಂ ಕರೆಸಿದ್ದರು. ಮಕ್ಕಳು ಮನೆಯಲ್ಲೇ ಕೂತು ಓದಿದ್ದೆಲ್ಲ ಮರೆಯುತ್ತಿವೆಯಂತೆ, ನಡೆಸಿಕೊಂಡು ಬರುತ್ತೀರಾ ಎಂದರು. ಹೂಂ ಅಂದೆ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಮಾರುದ್ದಕ್ಕೊಂದು ಗಂಟು ಹಾಕಿದೆ. ಗಂಟಿಗೆ ಇಬ್ಬರು ಮಕ್ಕಳು... ಆಚೆ ಒಬ್ಬರು, ಈಚೆ ಒಬ್ಬರು. ಕೈಗೆ ಕೆಲಸ ಸಿಕ್ಕಿತು, ದೇವರು ದೊಡ್ಡವನು.

ಸೆಪ್ಟೆಂಬರ್ 8, ಸಂಜೆ

ಮೊದಲ ದಿನವೇ ಜಗಳ! ಹಲ್ಲು ಬಿದ್ದ ಪುಟ್ಟಿಗೆ ಕಿಟಕಿ ಸೀಟೇ ಬೇಕಂತೆ.

"ಹಗ್ಗಕ್ಕೆಲ್ಲಿ ಕಿಟಕಿ ತಾಯಿ?"

"ವ್ಯಾನಲ್ಲಿ ಕಿಟಕಿ ನಂದು. ಇಲ್ಲೂ ಈ ಕಡೆ ನಂದೇ!"

ಕೊನೆಗೆ ಎಲ್ಲರೂ ವ್ಯಾನಿನಲ್ಲಿ ಕೂರುತ್ತಿದ್ದ ಹಾಗೇ ಸಾಲಾಗಿ ನಿಂತರು. ನಿಂತವರು ಹೆಜ್ಜೆ ಎತ್ತಬೇಕಲ್ಲ! "ಡ್ರೈವರ್ ಮಾಮ ಇಲ್ದೆ ಗಾಡಿ ಹೇಗೆ ಹೋಗುತ್ತೆ?" ನಾನು ಮುಂದೆ ಹೋದರೆ, "ಆಯಮ್ಮ, ನೀವು ಬಾಗಿಲ ಹತ್ರ" ಅಂತ ಹಿಂದಕ್ಕೆ ಕಳಿಸಿದರು. ಇಲ್ಲದ ಬಾಗಿಲಿಗೆ ನಾನು ಕಾವಲು. ಗದರಿಸಿ, ಗದ್ದೆ ಪಕ್ಕದ ಕಾಲುದಾರಿಯಲ್ಲಿ ನಡೆಸಿದೆ.

ತಮ್ಮನಿಗೆ ಹೇಳಿದೆ. ಮಗ್ಗುಲು ಬದಲಿಸಿದ. "ನಾನೇನು ಎತ್ತಾ, ಹಗ್ಗ ಎಳೆಯೋಕೆ?"

ಸೆಪ್ಟೆಂಬರ್ 16

ಮಕ್ಕಳು ಇವತ್ತು ನಮ್ಮ ಮನೆ ಮುಂದೆ ಬಂದು ನಿಂತುಬಿಟ್ಟವು. ನಾನು ಹೇಳಿಕೊಟ್ಟದ್ದಲ್ಲ, ದೇವರಾಣೆ. ಪುಟ್ಟಿ ಕಿಟಕಿಗೆ ಬಾಯಿಟ್ಟು ಕೂಗಿದಳು: "ಮಾಮಾ, ಬೆಲ್ ಹೊಡೀತಾರೆ! ನಿಮ್ಮಿಂದಾನೇ ಲೇಟು!"

ಲೇಟು ಅನ್ನಿಸಿಕೊಂಡರೆ ಅವನಿಗೆ ಆಗದು. ಬನಿಯನ್ನಲ್ಲೇ ಹೊರಗೆ ಬಂದ, ಬೈಯುವುದಕ್ಕೆ. ಸಾಲು ನೋಡಿ ಬೈಗುಳ ನನ್ನ ಕಡೆ ತಿರುಗಿತು.

"ಏನಕ್ಕ ಇದು, ನಡುರಸ್ತೇಲಿ ನಿಲ್ಸಿದ್ದೀಯ? ಸೈಕಲ್ ಬಂದು ಗುದ್ದಿದ್ರೆ?"

"ನನಗೇನು ಗೊತ್ತು? ನಾನು ಬಾಗಿಲ ಹತ್ರದವಳು."

ಒಳಗೆ ಹೋದ. ಅಂಗಿ ತೊಟ್ಟು ಬಂದ. ಹಗ್ಗದ ತುದಿ ಹಿಡಿದ.

ಹಿಡಿದವನು ತಿರುವು ತಿರುವಿಗೆ ಕೈ ತೋರಿಸುತ್ತ ವ್ಯಾನಿನ ದಾರಿಯಲ್ಲೇ ಹೊರಟ! ಕಾಲುದಾರಿ ಅವನ ಕಣ್ಣಿಗೇ ಬೀಳಲಿಲ್ಲ. ಮುಚ್ಚಿದ ಪೆಟ್ರೋಲ್ ಬಂಕು ಸುತ್ತಿ, ಸೇತುವೆ ಹತ್ತಿ ಇಳಿದು... ಸುತ್ತುದಾರಿ ಅಂತ ಗೊತ್ತಿದ್ದೂ ಹಿಂದೆಯೇ ನಡೆದೆ. ನಡೆಯಲಿ ಪಾಪ, ಎಷ್ಟು ದೂರವಾದರೂ ನಡೆಯಲಿ.

ಗೇಟಿನಲ್ಲಿ ಹೆಡ್‌ಮೇಡಂ. "ಯಾಕ್ರಪ್ಪ ಇಷ್ಟು ಹೊತ್ತು?"

"ಟ್ರಾಫಿಕ್ಕು ಮೇಡಂ."

ಒಂದೂ ಗಾಡಿ ಇಲ್ಲದ ರಸ್ತೆಯಲ್ಲಿ! ಮೇಡಂ ನಕ್ಕರು. ಮಕ್ಕಳು ನಕ್ಕವು. ಆಮೇಲೆ ತಮ್ಮನೂ... ನಾನು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಮರೆಗೆ ಹೋದೆ. ಸಾಕು ದೇವರೇ, ಇವತ್ತಿಗೆ ಇಷ್ಟು ಸಾಕು.

ಅಕ್ಟೋಬರ್ 21

ದಿನಾ ಬರುತ್ತಾನೆ. ಶೇವ್ ಮಾಡಿಕೊಂಡು.

ಜನವರಿ 12

ಶಾಲೆ ಮಾಡಿನ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ ಕೂರಿಸಿದರು. ಸಮುದ್ರದ ಕಡೆ ಗಾಳಿಯಂತ್ರಗಳೂ ತಿರುಗುತ್ತಿವೆಯಂತೆ. ಈಗ ಕರೆಂಟು ಹೋಗುವುದು ಅಪರೂಪ. ಯಾವ ಹಡಗಿಗೂ ಕಾಯಬೇಕಿಲ್ಲ ಎಂದು ರೇಡಿಯೋದಲ್ಲಿ ಹೇಳಿದಾಗ ಕೈ ಮುಗಿದೆ. ಬಿಸಿಲು ಮೊದಲಿನಿಂದಲೂ ಇತ್ತು, ನಮಗೆ ತೋಚಿದ್ದು ಈಗ.

ವ್ಯಾನಿನ ಎಂಜಿನ್ ಕಳಚಿ ಬ್ಯಾಟರಿ ಹಾಕುತ್ತಾರಂತೆ.

ಫೆಬ್ರವರಿ 3

ಬ್ಯಾಟರಿ ಹಾಕಿದ ವ್ಯಾನ್ ನೋಡಲು ಗ್ಯಾರೇಜಿಗೆ ಹೋದ ತಮ್ಮ ಬೇಗ ಬಂದ. ಮತ್ತೆ ಗೋಡೆ ಕಡೆ ಮುಖ. "ಏನಾಯ್ತೋ?" ಅಂದೆ.

"ಅದರಲ್ಲಿ ಜೀವ ಇಲ್ಲಕ್ಕ. ಕೀ ತಿರುಗಿಸಿದ್ರೆ ಸದ್ದಿಲ್ಲ, ಕೈಗೆ ನಡುಕ ಇಲ್ಲ. ಹೆಣ ಓಡಿಸಿದ ಹಾಗೆ. ನಂಗಾಗಲ್ಲ."

ಪ್ರಾರ್ಥನೆಗೆ ಕೂತೆ.

ಫೆಬ್ರವರಿ 4

ಗ್ಯಾರೇಜಿನ ಮೆಕ್ಯಾನಿಕ್ಕೇ ಮನೆಗೆ ಬಂದ. "ಏಳಿ ಮಾವ. ಇದಕ್ಕೆ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಎಡಗಾಲಿಗೆ ಪಿಂಚಣಿ ಕೊಟ್ಟುಬಿಡಿ!"

ತಮ್ಮ ತಿರುಗಲಿಲ್ಲ. ಗೋಡೆಗೇ ಕೇಳಿದ: "ಏರು ಹತ್ತುತ್ತೇನೋ?"

"ನೀವೇ ಹತ್ತಿಸಿ ನೋಡಿ."

ಇಬ್ಬರೂ ಹೋದರು. ಕತ್ತಲಾದರೂ ಬಂದಿಲ್ಲ. ಒಳ್ಳೆಯದೇ ಇರಬೇಕು.

ಫೆಬ್ರವರಿ 9, ಬೆಳಿಗ್ಗೆ

ಹತ್ತಿರದ ಮಕ್ಕಳು ನಡೆಯುವುದನ್ನು ಬಿಡುವುದಿಲ್ಲವಂತೆ. ದೂರದವರಿಗೆ ಇವತ್ತಿನಿಂದ ವ್ಯಾನು. ತಮ್ಮ ಆಗಲೇ ಗ್ಯಾರೇಜಿಗೆ ಹೋಗಿದ್ದಾನೆ, ಗಾಡಿ ತರಲು. ಪ್ರಾರ್ಥನೆಯಲ್ಲಿ ಇವತ್ತು ಏನನ್ನೂ ಕೇಳಲಿಲ್ಲ. ಕೇಳಲು ಏನೂ ಹೊಳೆಯಲಿಲ್ಲ. ಸುಮ್ಮನೆ ಕೂತಿದ್ದೆ, ಹೊಟ್ಟೆ ತುಂಬಿದವಳ ಹಾಗೆ.

ಈಗ ಕಿಟಕಿಯಾಚೆ ನೋಡಿದರೆ ವ್ಯಾನು! ಬಂದದ್ದೇ ಕೇಳಿಸಲಿಲ್ಲ. ಒಳಗೆ ಕೂತು ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಾನೆ, ಯಾವಾಗಿನಿಂದ ಕಾಯುತ್ತಿದ್ದಾನೋ ಏನೋ, ನಾನಿಲ್ಲಿ ಬರೆಯುತ್ತ—