ಲಗಮವ್ವನ ಹೆಸರಿಗೆ ಅಂಟಿದ್ದ ಸಾಲು

ಶ್ರಾವಣದ ನಲವತ್ತೊಂದನೇ ದಿನ,
ಕೃಷ್ಣೆ ಮೂರನೇ ಸಲ ಹಾದಿ ಬದಲಿಸಿದ ವರ್ಷ.

ಹಿಂದಿನ ಕಾಲದ ವೈದ್ಯಮಿತ್ರರಿಗೆ ತೇಲಾಸ್ಪತ್ರೆಯ ವೈದ್ಯೆ ಮೆಹರೂನ್ ನದಾಫಳ ವಂದನೆಗಳು. ನಮ್ಮ ತಿಂಗಳುಗಳು ಉದ್ದವಾಗಿವೆ, ಮಾತೂ ಬದಲಾಗಿದೆ. ಯಾವುದಾದರೂ ಶಬ್ದ ಅಪರಿಚಿತ ಅನ್ನಿಸಿದರೆ ಮನ್ನಿಸಬೇಕು.

ನೀವು ಕಂಪ್ಯೂಟರಿನಲ್ಲಿ ಇಡುತ್ತಿದ್ದ ರೋಗಿಯ ದಾಖಲೆ ನಮ್ಮಲ್ಲಿ ನೀರಿನ ಮೇಲೆ ಮೂಡುತ್ತದೆ. ಪ್ರತಿ ಮಂಚದ ಪಕ್ಕ ಒಂದು ಅಗಲ ಬೋಗುಣಿ. ಅದರಲ್ಲಿರುವುದನ್ನು ನೆನಪಿನೀರು ಅನ್ನುತ್ತೇವೆ. ಬೆಳಗಿನ ರೌಂಡ್ಸಿನಲ್ಲಿ ಬೆರಳದ್ದಿದರೆ ಸಾಕು, ರಕ್ತದ ವರದಿ, ಎದೆಬಡಿತ, ಕೊಟ್ಟ ಔಷಧ, ಹಿಂದಿನ ವೈದ್ಯರ ಬರಹ ಎಲ್ಲ ಮೆಲ್ಲಗೆ ಬೆಳಗುತ್ತ ತೇಲಿಬರುತ್ತವೆ. ನೋಡುತ್ತ ನಿಂತರೆ ಮಂಚದ ಮೇಲಿನವರು ಮರೆತೇ ಹೋಗುವಷ್ಟು ಚೆಂದ. ಹೊಸದು ಬರೆಯಲು ಪುರುಸೊತ್ತಿಲ್ಲದವರು ನಿನ್ನೆಯ ಸಾಲನ್ನೇ ಎತ್ತಿ ಇವತ್ತಿಗೆ ಹಾಕುವ ರೂಢಿ ಮಾತ್ರ ನಿಮ್ಮ ಕಾಲದಿಂದ ಹಾಗೇ ಬಂದಿದೆ.

ಲಗಮವ್ವ ಹಿನ್ನೀರಿನಲ್ಲಿ ದೋಣಿ ನಡೆಸುವವಳು. ಎದೆಯ ಕವಾಟ ಕೆಟ್ಟು ಕಾಲು ಬಾತು, ಏದುಸಿರು ಬಿಡುತ್ತ ನಮ್ಮಲ್ಲಿಗೆ ಬಂದಳು. ಬೋಗುಣಿಯಲ್ಲಿ ಅವಳ ಹೆಸರಿನ ಜೊತೆಗೇ ಒಂದು ಸಾಲು ಮೇಲೆ ಬಂತು: ‘ಹೇಳಿದ ಮಾತು ಕೇಳುವುದಿಲ್ಲ, ಮಾತ್ರೆ ನುಂಗುವುದಿಲ್ಲ.’ ಯಾರೋ ಎಂದೋ ಬರೆದದ್ದು. ಆಮೇಲೆ ಬಂದವರೆಲ್ಲ ಅದನ್ನೇ ನಕಲು ಮಾಡಿದ್ದರು. ಹೊಸ ಕವಾಟ ಕೂಡಿಸಿದರೆ ಬದುಕಿರುವತನಕ ಮಾತ್ರೆ ತಪ್ಪಿಸುವಂತಿಲ್ಲ. ಹಾಗಾಗಿ ನಮ್ಮ ಹಿರಿಯ ವೈದ್ಯ ಚಿದಂಬರ ದೇಸಾಯರು ಬೋಗುಣಿಯಿಂದ ಕಣ್ಣೆತ್ತದೆ, “ಇವರಿಗೆ ಕವಾಟ ಬೇಡ. ಉಳಿಸಿಕೊಳ್ಳೋದಿಲ್ಲ,” ಎಂದರು.

ಅವರು ಮುಂದಿನ ಮಂಚಕ್ಕೆ ಹೋದ ಮೇಲೆ ನಾನು ಬೋಗುಣಿಗೆ ಬಟ್ಟೆ ಮುಚ್ಚಿ ಅವಳ ಪಕ್ಕ ಕೂತೆ. ಕಿಟಕಿಯಾಚೆ ಮುಳುಗಿದ ಊರಿನ ಮೇಲೆ ಬೆಳ್ಳಕ್ಕಿಗಳು ಹಾರುತ್ತಿದ್ದವು.

“ಲಗಮವ್ವಾರ, ಮಾತ್ರೆ ಯಾಕ ಬಿಟ್ರಿ?”

ಅವಳು ನನ್ನ ಮುಖವನ್ನೇ ನೋಡಿದಳು. “ಆ ಗುಳಿಗಿ ನುಂಗಿದ್ರ ಗಳಿಗಿಗೊಮ್ಮೆ ಒಂದಕ್ಕ ಹೋಗಬೇಕಾಗ್ತದ್ರೀ, ಬಾಯಾರ. ಮುಂಜಾನಿಂದ ಮಧ್ಯಾನತನಕ ದೋಣಿ ತುಂಬ ಗಂಡಸರು. ನಡುನೀರಾಗ ನಾ ಎಲ್ಲಿ ಹೋಗ್ಲಿ?”

“ಇದನ್ನ ಯಾರಿಗೂ ಹೇಳಿರಲಿಲ್ಲೇನು?”

“ಯಾರೂ ಕೇಳಿರಲಿಲ್ಲ.”

ಮಧ್ಯಾಹ್ನ ದೋಣಿ ದಡಕ್ಕೆ ಕಟ್ಟಿದ ಮೇಲೆ ನುಂಗಿದರಾಯಿತು ಎಂದೆ. ಅಂದಿನಿಂದ ಅವಳು ಆಸ್ಪತ್ರೆಯಲ್ಲೂ ಅದೇ ಹೊತ್ತಿಗೆ ನುಂಗಿದಳು, ಒಂದು ದಿನವೂ ತಪ್ಪಿಸಲಿಲ್ಲ. ಕಾಲಿನ ಬಾವು ಇಳಿಯಿತು, ಮಲಗಿದರೆ ಉಸಿರು ಕಟ್ಟುವುದು ನಿಂತಿತು. ನಾನು ದೇಸಾಯರನ್ನು ಕರೆತಂದು ಅವಳ ಮುಂದೆ ಕೂಡಿಸಿದೆ. ಅವರು ತಾವೇ ಕೇಳಿದರು, ಅವಳು ತಾನೇ ಹೇಳಿದಳು. ಅವರು ಅವಳ ಕಾಲು ಒತ್ತಿ ನೋಡಿ, “ಕವಾಟ ಹಾಕೋಣ,” ಎಂದರು. ಹೋದ ವರ್ಷದ ಬನ್ನಿ ಹಬ್ಬದ ಹೊತ್ತಿಗೆ ಲಗಮವ್ವ ಮತ್ತೆ ಹುಟ್ಟು ಹಿಡಿದಳು.

ನೆನಪಿನೀರಿನಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಅದಕ್ಕೇ ಮನೆಗೆ ಹೊರಟವಳನ್ನು, ಆ ಸಾಲಿನ ಕೆಳಗೆ ಏನು ಬರೆಯಲಿ ಎಂದು ಕೇಳಿದೆ. ಸೆರಗು ಸರಿಮಾಡಿಕೊಳ್ಳುತ್ತ ಯೋಚಿಸಿದಳು.

“ಕೇಳಿದ್ರ ಹೇಳ್ತಾಳ ಅಂತ ಬರೀರಿ.”

ಹಾಗೆಯೇ ಬರೆದೆ.

ಮಿತ್ರರೇ, ನೀವು ಅವಸರದಲ್ಲಿ ಒತ್ತುವ ಒಂದು ಸಾಲು ನಿಮಗಿಂತ ಹೆಚ್ಚು ಕಾಲ ಬಾಳುತ್ತದೆ. ನೀವು ಕಾಣದ ಬಾಗಿಲುಗಳಲ್ಲಿ ರೋಗಿಗಿಂತ ಮೊದಲೇ ಹೋಗಿ ನಿಲ್ಲುತ್ತದೆ. ನಿನ್ನೆಯದನ್ನು ಇವತ್ತಿಗೆ ಎತ್ತಿಹಾಕುವ ಮುಂಚೆ ದಯವಿಟ್ಟು ಕುರ್ಚಿಯನ್ನು ರೋಗಿಯ ಕಡೆಗೆ ತಿರುಗಿಸಿ.